ಸ್ವಂತಕ್ಕೊಂದು ಮೈಕ್ ಬೇಕು ಅಂದ ಮೇಷ್ಟ್ರಿಗೆ

ಪ್ರಶ್ನೆ: ಸಾರ್, ನಾನು ಹಾಸನ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರು. 12 ವರ್ಷದಿಂದ ರಜಾ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಜಾತ್ರೆಯ ರಸಮಂಜರಿ, ಎಲ್ಲಾ. ಒಂದೊಂದು ವೇದಿಕೆಯಲ್ಲಿ ಒಂದೊಂದು ಮೈಕ್. ಕೆಲವು ವಾಸನೆ ಹೊಡೆಯುತ್ತವೆ. ಕೆಲವದರಲ್ಲಿ ನನ್ನ ದನಿ ನನಗೇ ಗುರುತು ಸಿಗುವುದಿಲ್ಲ. ಸ್ವಂತಕ್ಕೊಂದು ಮೈಕ್ ತಗೊಳ್ಳೋಣ ಅಂತ 12 ಸಾವಿರ ಎತ್ತಿಟ್ಟಿದ್ದೇನೆ. ಕೀಬೋರ್ಡ್ ನುಡಿಸುವ ಗೆಳೆಯ ಕಂಡೆನ್ಸರ್ ತಗೋ ಅನ್ನುತ್ತಾನೆ. ಅಂಗಡಿಯವರು ಎರಡು ಕಾರ್ಡ್‌ಲೆಸ್ ಮೈಕ್ ಇರುವ ಸೆಟ್ ತೋರಿಸುತ್ತಾರೆ. ಹತ್ತು ವರ್ಷ ಬಾಳಿಕೆ ಬರಬೇಕು. ಯಾವುದು ತಗೊಳ್ಳಲಿ?

ಉತ್ತರ:

ಮೇಷ್ಟ್ರೇ, ಉತ್ತರ ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದು. ವೈರ್ ಇರುವ, ಸ್ವಿಚ್ ಇಲ್ಲದ ಡೈನಮಿಕ್ ಮೈಕ್ ತಗೊಳ್ಳಿ. ಶೂರ್ ಎಸ್‌ಎಂ58 ಅಥವಾ ಸೆನ್‌ಹೈಸರ್ ಇ835. ಎರಡರಲ್ಲಿ ನಿಮ್ಮ ಗಂಟಲಿಗೆ ಒಗ್ಗುವುದು. ಮಿಕ್ಕ ದುಡ್ಡಿಗೆ ಒಂದು ಒಳ್ಳೆ ಕೇಬಲ್.

ಈಗ ಯಾಕೆ ಅನ್ನುವುದು.

ಮೈಕ್ ಕೊಳ್ಳುವಾಗ ಎಲ್ಲರೂ ತಾವು ಹಾಡಿದ ಅತಿ ಒಳ್ಳೆಯ ವೇದಿಕೆಯನ್ನು ನೆನೆಸಿಕೊಳ್ಳುತ್ತಾರೆ. ಎಸಿ ಹಾಲು, ದೊಡ್ಡ ಮಿಕ್ಸರ್, ಕಿವಿ ಇರುವ ಸೌಂಡ್ ಎಂಜಿನಿಯರ್. ನೀವು ನಿಮ್ಮ ಅತಿ ಕೆಟ್ಟ ವೇದಿಕೆಯನ್ನು ನೆನೆಸಿಕೊಳ್ಳಿ. ಸ್ಕೂಲ್ ಮೈದಾನ, ಜನರೇಟರ್ ಗುಡುಗುಡು, ಜಾಗ ಸಾಲದೆ ಸ್ಪೀಕರ್ ಬಾಕ್ಸ್‌ಗಳನ್ನು ಹಾಡುವವರ ಪಕ್ಕಕ್ಕೇ ಪೇರಿಸಿರುತ್ತಾರೆ, ಸಣ್ಣಗೆ ಹನಿ ಬೇರೆ, ಮತ್ತು ಮಿಕ್ಸರ್ ಮುಂದೆ ಕೂತ ಹುಡುಗ ಈಗ ತಾನೇ ಶಾಮಿಯಾನದ ಕುರ್ಚಿ ಇಳಿಸಿ ಬಂದವನು. ಅಲ್ಲಿ ಕೈಕೊಡದ ಮೈಕ್ ಯಾವುದು? ಅದನ್ನು ಕೊಳ್ಳಬೇಕು. ಒಳ್ಳೆ ಹಾಲಿನಲ್ಲಿ ಹೇಗಿದ್ದರೂ ನಡೆಯುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ಮಿಕ್ಸರ್ ಹಿಂದೆ ಕೂತವನು ನಾನು, ಆ ಕುರ್ಚಿ ಇಳಿಸುವ ಹುಡುಗನೂ ಒಂದು ಕಾಲಕ್ಕೆ ನಾನೇ ಆಗಿದ್ದೆ.

ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪಲ್ಲ. ಕಂಡೆನ್ಸರ್ ಮೈಕಿನಲ್ಲಿ ಸೂಕ್ಷ್ಮ ಜಾಸ್ತಿ. ಉಸಿರು, ನಾಲಿಗೆ ತುದಿಯ ಸದ್ದು, ಗಮಕದ ಕೊನೆಯ ಎಳೆ, ಎಲ್ಲಾ ಕೇಳುತ್ತದೆ. ನ್ಯೂಮನ್ ಕೆಎಂಎಸ್ 105 ಅಂತ ಒಂದಿದೆ, ವೇದಿಕೆಯಲ್ಲಿ ಹಾಡುವುದಕ್ಕೇ ಮಾಡಿದ ಕಂಡೆನ್ಸರ್. ಅದರಲ್ಲಿ ಒಳ್ಳೆಯ ದನಿ ಕೇಳಿದರೆ ಮನಸ್ಸು ಸೋಲುತ್ತದೆ. ಅದು ನಿಮ್ಮ ಬಜೆಟ್‌ಗೆ ನಿಲುಕುವುದಿಲ್ಲ, ಆ ಮಾತು ಬೇರೆ. ಆದರೆ ಕಂಡೆನ್ಸರ್‌ಗೆ ಮಿಕ್ಸರ್‌ನಿಂದ ಕರೆಂಟ್ ಹೋಗಬೇಕು, 48 ವೋಲ್ಟ್, ಫ್ಯಾಂಟಮ್ ಪವರ್ ಅನ್ನುತ್ತಾರೆ. ಊರುಗಳಲ್ಲಿ ಸಿಗುವ ಹಳೆಯ ಮಿಕ್ಸರ್-ಆಂಪ್ಲಿಫೈಯರ್‌ಗಳಲ್ಲಿ ಎಷ್ಟೋದರಲ್ಲಿ ಅದು ಇರುವುದೇ ಇಲ್ಲ. ಅಂಥ ಕಡೆ ನಿಮ್ಮ ದುಬಾರಿ ಮೈಕ್ ಸುಮ್ನೆ ಒಂದು ಕಬ್ಬಿಣದ ತುಂಡು. ಇದ್ದರೂ, ನಿಮ್ಮ ದನಿಯ ಸೂಕ್ಷ್ಮ ಹಿಡಿಯುವ ಮೈಕ್ ಪಕ್ಕದ ರಿದಂ ಪ್ಯಾಡ್, ಹಿಂದಿನ ಡ್ರಮ್ಸ್, ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಲಿ ಅಂತ ಅವರ ಕಡೆ ತಿರುಗಿಸಿ ಇಡುವ ಸ್ಪೀಕರ್), ಎಲ್ಲವನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಮಳೆಗಾಲದಲ್ಲಿ ತೇವ ಒಳಗೆ ಹೋದರೆ ಚಿಟಿಚಿಟಿ ಸದ್ದೂ ಶುರುವಾಗಬಹುದು. ಸಕಲೇಶಪುರದ ಕಡೆ ಜುಲೈಯಲ್ಲಿ ಕಾರ್ಯಕ್ರಮ ಕೊಟ್ಟವರಿಗೆ ತೇವ ಅಂದರೇನು ಅಂತ ನಾನು ಹೇಳಬೇಕಿಲ್ಲ.

ಡೈನಮಿಕ್ ಮೈಕಿನ ಒಳಗೆ ಏನೂ ಇಲ್ಲ ಅನ್ನಬಹುದು. ಒಂದು ತೆಳ್ಳನೆ ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಸ್ಪೀಕರ್ ಮಾಡುವ ಕೆಲಸವನ್ನೇ ತಿರುಗಿಸಿ ಮಾಡುತ್ತದೆ: ದನಿ ಪೊರೆಯನ್ನು ಅಲುಗಿಸಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಬ್ಯಾಟರಿ ಬೇಡ, ಫ್ಯಾಂಟಮ್ ಬೇಡ, ಕೆಡುವುದಕ್ಕೆ ಹೆಚ್ಚು ಸಾಮಾನೇ ಇಲ್ಲ. ಬಾಳಿಕೆಯ ಗುಟ್ಟೇ ಅದು.

ಕಾರ್ಡ್‌ಲೆಸ್ ಸೆಟ್ ಬೇಡ. ನಿಮ್ಮ ಬಜೆಟ್‌ನಲ್ಲಿ ಎರಡು ಮೈಕ್, ಎರಡು ಟ್ರಾನ್ಸ್‌ಮಿಟರ್, ಒಂದು ರಿಸೀವರ್, ಡಬ್ಬಿ, ಅಡಾಪ್ಟರ್ ಎಲ್ಲಾ ಸೇರಿಸಿ ಕೊಡುತ್ತಾರೆ ಅಂದರೆ ಅದರಲ್ಲಿ ದನಿ ಹಿಡಿಯುವ ಭಾಗಕ್ಕೆ ಎಷ್ಟು ಖರ್ಚು ಮಾಡಿರಬಹುದು, ನೀವೇ ಭಾಗಾಕಾರ ಮಾಡಿ ನೋಡಿ, ಮೇಷ್ಟ್ರಲ್ವಾ.

ಇನ್ನು ಎಸ್‌ಎಂ58. ಹೆಸರು ಕೇಳಿಯೇ ಇರುತ್ತೀರಿ. ಐಸ್‌ಕ್ರೀಂ ಕೋನಿನ ಆಕಾರ, ದುಂಡು ಜಾಲರಿ. ಶೂರ್ ಅಮೆರಿಕದ ಕಂಪನಿ, 1925ರಲ್ಲಿ ಶಿಕಾಗೊದಲ್ಲಿ ಶುರುವಾಗಿದ್ದು, ಈ ಮೈಕ್ ಬಂದಿದ್ದು 1966ರಲ್ಲಿ. ತಮಾಷೆ ಅಂದರೆ ಎಸ್‌ಎಂ ಅಂದರೆ ಸ್ಟುಡಿಯೊ ಮೈಕ್ರೊಫೋನ್. ಸ್ಟುಡಿಯೊಗೆ ಅಂತ ಹೆಸರಿಟ್ಟಿದ್ದು ವೇದಿಕೆಯಲ್ಲಿ ಮನೆಮಾತಾಯಿತು. ದ ಹೂ ಅನ್ನುವ ಇಂಗ್ಲಿಷ್ ರಾಕ್ ತಂಡದ ಗಾಯಕ ರೋಜರ್ ಡಾಲ್ಟ್ರಿ, ಮೈಕಿಗೆ ಕೇಬಲ್ಲನ್ನು ಟೇಪಿನಿಂದ ಬಿಗಿದು, ಕವಣೆ ಬೀಸುವ ಹಾಗೆ ಬೀಸುತ್ತಿದ್ದ. ನೀವು ಬೀಸಬೇಡಿ. ಅಷ್ಟು ಗಟ್ಟಿ ಅಂತ ಹೇಳಿದೆ ಅಷ್ಟೇ.

ಗಟ್ಟಿ ಯಾಕೆ ಅಂದರೆ, ಮೇಲಿನ ಜಾಲರಿ ಉಕ್ಕಿನದು, ಬಿದ್ದಾಗ ತಾನು ನೆಗ್ಗಿ ಒಳಗಿನ ಕ್ಯಾಪ್ಸೂಲನ್ನು, ಅಂದರೆ ದನಿ ಹಿಡಿಯುವ ಭಾಗವನ್ನು, ಉಳಿಸುತ್ತದೆ. ಬೈಕಿನ ಹೆಲ್ಮೆಟ್ಟಿನ ಲೆಕ್ಕ. ಕ್ಯಾಪ್ಸೂಲ್ ಕೂಡ ಒಳಗೆ ರಬ್ಬರಿನ ಮೇಲೆ ತೇಲಿದ ಹಾಗೆ ಕೂತಿರುವುದರಿಂದ ಕೈ ಬದಲಾಯಿಸುವಾಗಿನ ಗರಗರ ಸದ್ದು ಕಡಿಮೆ. ಇನ್ನೊಂದು ವಿಷಯ ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಇದಕ್ಕೆ ಬಿಡಿಭಾಗ ಸಿಗುತ್ತದೆ. ಜಾಲರಿ ಬೇಕಾದರೆ ಆರ್‌ಕೆ143ಜಿ, ಕ್ಯಾಪ್ಸೂಲೇ ಹೋದರೆ ಆರ್59, ಈ ನಂಬರ್ ಬರೆದಿಟ್ಟುಕೊಳ್ಳಿ. ಹತ್ತು ವರ್ಷ ಬಾಳಬೇಕು ಅಂದರೆ, ಕೆಡದೇ ಇರುವುದು ಅರ್ಧ ಮಾತು, ಕೆಟ್ಟರೆ ರಿಪೇರಿ ಆಗುವುದು ಇನ್ನರ್ಧ.

ದನಿಯ ವಿಷಯಕ್ಕೆ ಬಂದರೆ, 58 ಹಿಡಿಯುವುದು 50 ಹರ್ಟ್ಸ್‌ನಿಂದ 15,000 ಹರ್ಟ್ಸ್ ತನಕ. ಕಾಗದದ ಮೇಲೆ ದೊಡ್ಡದೇನಲ್ಲ, ಇದಕ್ಕಿಂತ ದೊಡ್ಡ ಅಂಕಿ ಅಗ್ಗದ ಮೈಕಿನ ಡಬ್ಬಿಯ ಮೇಲೂ ಅಚ್ಚಾಗಿರುತ್ತದೆ. ಅಂಕಿ ನೋಡಿ ಮೈಕ್ ಕೊಳ್ಳಬೇಡಿ. ಮುಖ್ಯ ಏನಂದರೆ, ಕೆಳಗಿನ ಬಾಸ್ ಸ್ವಲ್ಪ ಇಳಿಸಿದ್ದಾರೆ, ಮಾತು ಸ್ಪಷ್ಟವಾಗುವ ಮೇಲಿನ ಭಾಗವನ್ನು ಸ್ವಲ್ಪ ಏರಿಸಿದ್ದಾರೆ. ಹಾಗಾಗಿ ಮಿಕ್ಸರಿನ ಹುಡುಗ ಏನೂ ಮಾಡದೆ ಸುಮ್ಮನೆ ಕೂತರೂ ದನಿ ವಾದ್ಯಗಳ ಮಧ್ಯದಿಂದ ಮೇಲೆ ಬರುತ್ತದೆ. ಸೆನ್‌ಹೈಸರ್ ಇ835 ಇದೇ ಜಾತಿಯದು, ನನ್ನ ಕಿವಿಗೆ ಮೇಲಿನ ತುದಿ ಇನ್ನಷ್ಟು ತಿಳಿ. ದಪ್ಪ, ಮಂದ್ರದ ದನಿಯವರಿಗೆ ನಾನು 835 ಹೇಳುತ್ತೇನೆ. ಮೊದಲೇ ಚೂಪು ದನಿ ಇರುವವರಿಗೆ 58. ಇದು ನಿಯಮ ಅಲ್ಲ, ನನ್ನ ರೂಢಿ. ಅಂಗಡಿಗೆ ಹೋದಾಗ ಎರಡನ್ನೂ ಒಂದೇ ಚಾನಲ್‌ಗೆ, ಒಂದೇ ಸೆಟ್ಟಿಂಗ್‌ಗೆ ಹಾಕಿಸಿ, ಎಕೋ ಪೂರ್ತಿ ತೆಗೆಸಿ, ಒಂದೇ ಪಲ್ಲವಿ ಹಾಡಿ ನೋಡಿ. ಮೊಬೈಲಿನಲ್ಲಿ ಗೆಳೆಯರು ರೆಕಾರ್ಡ್ ಮಾಡಿಕೊಳ್ಳಲಿ, ಮನೆಗೆ ಬಂದು ಕೇಳಿ, ಆಮೇಲೆ ದುಡ್ಡು ಕೊಡಿ.

ಶೂರ್‌ನದೇ ಬೀಟಾ 58ಎ ತಗೊಂಡರೆ ಇನ್ನೂ ಒಳ್ಳೆಯದಲ್ವಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆ ಮೈಕ್, ಸಿಗ್ನಲ್ ಜೋರು, ದನಿ ಫಳಫಳ. ಆದರೆ ಅಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ಬಿಡಿಸಿ ಹೇಳಬೇಕು.

ಮೈಕ್ ಎಲ್ಲಾ ದಿಕ್ಕಿನಿಂದ ಒಂದೇ ಥರ ಕೇಳಿಸಿಕೊಳ್ಳುವುದಿಲ್ಲ. 58, 835 ಎರಡೂ ಕಾರ್ಡಿಯಾಯ್ಡ್, ಅಂದರೆ ಎದುರು ಚೆನ್ನಾಗಿ ಕೇಳುತ್ತವೆ, ನೇರ ಹಿಂದಕ್ಕೆ ಹೆಚ್ಚು ಕಡಿಮೆ ಕಿವುಡು. ಹಿಂದೆ ಅಂದರೆ ಕೇಬಲ್ ಸಿಕ್ಕಿಸುವ ಬಾಲದ ದಿಕ್ಕು. ಬೀಟಾ 58ಎ ಸೂಪರ್‌ಕಾರ್ಡಿಯಾಯ್ಡ್. ಅದು ಪಕ್ಕಗಳಿಗೆ ಹೆಚ್ಚು ಕಿವುಡು, ಆದರೆ ನೇರ ಹಿಂದಕ್ಕೆ ಒಂಚೂರು ಕಿವಿ ತೆರೆದೇ ಇರುತ್ತದೆ. ಅದರ ಪೂರ್ತಿ ಕಿವುಡು ಇರುವುದು ಎದುರಿನಿಂದ ಸುಮಾರು 125 ಡಿಗ್ರಿಯಲ್ಲಿ, ಹಿಂಬದಿಯ ಎರಡು ಮೂಲೆಗಳಲ್ಲಿ ಅಂದುಕೊಳ್ಳಿ. ಮಾನಿಟರ್ ಎರಡಿದ್ದು, ಎಡಕ್ಕೊಂದು ಬಲಕ್ಕೊಂದು ಓರೆಯಾಗಿಟ್ಟರೆ ಸೂಪರ್‌ಕಾರ್ಡಿಯಾಯ್ಡ್ ರಾಜ. ನಮ್ಮ ವೇದಿಕೆಗಳಲ್ಲಿ ಒಂದೇ ಮಾನಿಟರ್, ಅದೂ ನೇರ ಕಾಲ ಮುಂದೆ, ಮೈಕಿನ ಬಾಲಕ್ಕೆ ಎದುರಾಗಿ. ಅಲ್ಲಿ ಬೀಟಾ ಕುಯ್ಯ್ ಅಂದರೆ ತಪ್ಪು ಮೈಕಿನದಲ್ಲ, ಮಾನಿಟರ್ ಇಟ್ಟ ಜಾಗದ್ದು. ಆದರೆ ಜನ ಬೈಯುವುದು ನಿಮ್ಮನ್ನು. ಮಾನಿಟರ್ ಇಡುವ ಜಾಗ ನಿಮ್ಮ ಕೈಯಲ್ಲಿ ಇಲ್ಲದ ಮೇಲೆ ಕಾರ್ಡಿಯಾಯ್ಡೇ ಕ್ಷೇಮ. ನಾಳೆ ಸ್ವಂತ ತಂಡ, ಸ್ವಂತ ಸೌಂಡ್ಸ್ ಆದರೆ ಬೀಟಾ 58ಎ, ಸೆನ್‌ಹೈಸರ್ ಇ945 ಎರಡನ್ನೂ ಧಾರಾಳವಾಗಿ ಯೋಚಿಸಿ.

ಅಹುಜಾ ಮೈಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮೂರುಗಳಲ್ಲಿ ಮೈಕ್‌ಸೆಟ್ ಅಂದರೇ ಅಹುಜಾ. ಭಾಷಣಕ್ಕೆ, ನಿರೂಪಣೆಗೆ ಗಟ್ಟಿ ಮಾಲು, ದುಡ್ಡಿಗೆ ಮೋಸವಿಲ್ಲ. ಹಾಡಿಗೆ ನಾನು ಆರಿಸುವುದಿಲ್ಲ.

ನಕಲಿ ಮಾಲಿನ ಬಗ್ಗೆ ಎಚ್ಚರ. ಎಸ್‌ಎಂ58ರಷ್ಟು ನಕಲಾದ ಮೈಕ್ ಇನ್ನೊಂದಿಲ್ಲ ಅನ್ನಿಸುತ್ತದೆ. ನಮ್ಮ ಜೊತೆ ಹಾಡುತ್ತಿದ್ದ ಹುಡುಗನೊಬ್ಬ ಒಂದು ಅಂಗಡಿಯಲ್ಲಿ ಮೂರನೇ ಒಂದು ಬೆಲೆಗೆ ಸಿಕ್ಕಿತು ಅಂತ ಕುಣಿಯುತ್ತಾ ತಂದ. ಡಬ್ಬಿ, ಜಿಪ್ ಚೀಲ, ಕ್ಲಿಪ್ಪು, ಕಾಗದ, ಎಲ್ಲಾ ತದ್ರೂಪ. ಹಾಡಿಸಿದರೆ ತಗಡು ಡಬ್ಬಿಗೆ ಬಾಯಿಟ್ಟ ಹಾಗೆ, ಮಿಕ್ಸರಿನಲ್ಲಿ ಸದ್ದು ಏರಿಸಿದರೆ ಕೂಗು. ಬಿಚ್ಚಿ ನೋಡಿದೆವು. ಅಸಲಿ 58ರ ಹಿಡಿಯೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಗೋಂದು ಸುರಿದು ಕೂರಿಸಿರುತ್ತಾರೆ. ಇದರಲ್ಲಿ ಆ ಜಾಗ ಖಾಲಿ. ಅಂಗಡಿಯವರು ಬಿಚ್ಚಲು ಬಿಡುವುದಿಲ್ಲ, ಸರಿ, ಆದರೆ ತೂಗಬಹುದು. ಅಸಲಿ ಮೈಕ್ ಕ್ಲಿಪ್ಪು ಕೇಬಲ್ಲು ಇಲ್ಲದೆ 298 ಗ್ರಾಂ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ತೂಕ ತೀರಾ ಕಡಿಮೆ ಬಂದರೆ ನಕಲಿ. ತೂಕ ಸರಿ ಬಂದರೆ ಅಸಲಿ ಅಂತ ಗ್ಯಾರಂಟಿ ಇಲ್ಲ, ಒಳಗೆ ಭಾರ ತುಂಬುವುದು ಕಷ್ಟದ ಕೆಲಸವಲ್ಲ. ಕಂಪನಿಯ ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತಗೊಳ್ಳಿ, ವಾರಂಟಿ ಕಾರ್ಡ್ ಇಸ್ಕೊಳ್ಳಿ. ಅರ್ಧ ಬೆಲೆಗೆ ಹೊಸ 58 ಅಂದರೆ ಅಲ್ಲಿಂದ ಎದ್ದು ಬನ್ನಿ. ಕೇಳುವಾಗ ಎಸ್‌ಎಂ58-ಎಲ್‌ಸಿ ಅಂತ ಕೇಳಿ, ಅದು ಸ್ವಿಚ್ ಇಲ್ಲದ್ದು. ಸ್ವಿಚ್ ಇರುವುದು ಎಸ್‌ಎಂ58ಎಸ್. ಸ್ವಿಚ್ ಯಾಕೆ ಬೇಡ? ಮೊದಲು ಸವೆಯುವುದೇ ಅದು, ಮತ್ತು ಚರಣದ ನಡುವೆ ಹೆಬ್ಬೆರಳು ತಾಗಿ ಆಫ್ ಆದರೆ ಸಿಗುವ ಚಪ್ಪಾಳೆಯೇ ಬೇರೆ.

ಕೇಬಲ್ ನಿಮ್ಮದೇ ಇರಲಿ. ಎರಡೂ ಕಡೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುವುದು, 10 ಮೀಟರ್ ಉದ್ದ, ನ್ಯೂಟ್ರಿಕ್ ಥರದ ಗಟ್ಟಿ ಕನೆಕ್ಟರ್. ನಮ್ಮ ಕಡೆ ಮೈಕಿನ ತುದಿಯಲ್ಲಿ ಎಕ್ಸ್‌ಎಲ್‌ಆರ್, ಮಿಕ್ಸರ್ ತುದಿಯಲ್ಲಿ ಪಿ-38 ದಪ್ಪ ಪಿನ್ ಹಾಕಿದ ಕೇಬಲ್ ಜಾಸ್ತಿ ಓಡಾಡುತ್ತವೆ. ಅದರಲ್ಲಿ ದನಿ ಬರುತ್ತದೆ, ಜೊತೆಗೆ ಸೀರಿಯಲ್ ಸೆಟ್ಟಿನ ಗುಂಯ್ ಸದ್ದೂ ಬರುತ್ತದೆ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇದ್ದರೆ ಎರಡು ತಂತಿಗಳಲ್ಲಿ ತಲೆಕೆಳಗಾಗಿ ಹೋಗುವ ಸಿಗ್ನಲ್ಲಿನಿಂದ ಆ ಗುಂಯ್ ತಾನಾಗಿ ಕಳೆದುಹೋಗುತ್ತದೆ. ಮೈಕ್ ಹೋಯಿತು ಅಂತ ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಸಲ ಹೋಗಿರುವುದು ಕೇಬಲ್ಲೇ, ಅದೂ ಕನೆಕ್ಟರಿನ ಬೆಸುಗೆ. ಮೊಳಕೈಗೆ ಹಗ್ಗದ ಹಾಗೆ ಸುತ್ತಬೇಡಿ, ಒಳಗಿನ ಎಳೆ ಮುರಿಯುತ್ತದೆ. ನೆಲದ ಮೇಲೆ ದೊಡ್ಡ ಸುರುಳಿ ಮಾಡಿ.

ನಿಮ್ಮ ದನಿ ನಿಮಗೇ ಗುರುತು ಸಿಗುವುದಿಲ್ಲ ಅಂದಿರಿ. ಅದರಲ್ಲಿ ಮೈಕ್, ಮಿಕ್ಸರ್ ಎರಡರ ಪಾಲು ಸೇರಿ ಅರ್ಧ. ಹಿಂದಿನ ದಿನ ಯಾರದೋ ಭಾಷಣಕ್ಕೆ ತಿರುಗಿಸಿದ ಬಾಸ್, ಟ್ರೆಬಲ್ ನಾಬ್‌ಗಳು ಹಾಗೇ ಇರುತ್ತವೆ, ಮೇಲೆ ಒಂದು ಬಕೆಟ್ ಎಕೋ. ಸ್ವಂತ ಮೈಕ್ ಇದ್ದರೆ ದೊಡ್ಡ ಲಾಭ ಇಲ್ಲಿದೆ: ಎಲ್ಲಾ ಬದಲಾದರೂ ಒಂದು ಬದಲಾಗುವುದಿಲ್ಲ. ವೇದಿಕೆ ಹತ್ತುವ ಮೊದಲು ಮಿಕ್ಸರಿನವರ ಹತ್ತಿರ ಹೋಗಿ, ಅಣ್ಣಾ ನನ್ನ ಚಾನಲ್ಲಿನ ಟೋನ್ ನಾಬ್ ಎಲ್ಲಾ ಮಧ್ಯಕ್ಕೆ ತನ್ನಿ, ಲೋ ಕಟ್ ಬಟನ್ ಒತ್ತಿ, ಎಕೋ ಆಮೇಲೆ ನೋಡೋಣ ಅನ್ನಿ. ಲೋ ಕಟ್ ಅಂದರೆ ತೀರಾ ಕೆಳಗಿನ ಗುಡುಗುಡು ಸದ್ದು ಕತ್ತರಿಸುವ ಬಟನ್. ಅಣ್ಣಾ ಅನ್ನುವುದು ಮುಖ್ಯ. ನಾವು ಸೌಂಡ್‌ನವರು ಬೇರೆಯವರು ಹೇಳಿದ್ದನ್ನು ಅಷ್ಟು ಸುಲಭಕ್ಕೆ ಕೇಳುವ ಜಾತಿಯಲ್ಲ.

ಇನ್ನರ್ಧ ನೀವು ಹಿಡಿಯುವ ರೀತಿ. ಬಾಯಿಗೆ ಹತ್ತಿರ ತಂದಷ್ಟೂ ಬಾಸ್ ಏರುತ್ತದೆ, ಇಂಥ ಮೈಕ್‌ಗಳ ಗುಣವೇ ಅದು. ದೂರ ಅರ್ಧಕ್ಕಿಳಿದರೆ ಮಟ್ಟ ಸುಮಾರು 6 ಡೆಸಿಬಲ್ ಏರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿಯ ಹಾಡು ಹಾಡುವಾಗ ತುಟಿಗೆ ಎರಡು ಬೆರಳಿನಷ್ಟು ಹತ್ತಿರ ತನ್ನಿ, ಆ ಬಾಸ್ ರೇಷ್ಮೆಯ ಹಾಗೆ ಕೂರುತ್ತದೆ. ರಾಜ್‌ಕುಮಾರ್ ಅವರ ತೆರೆದ ಕಂಠದ ಹಾಡಿಗೆ ಒಂದು ಗೇಣಿಗಿಂತ ಕಡಿಮೆ, ನಾಲ್ಕೈದು ಬೆರಳಿಗಿಂತ ಜಾಸ್ತಿ. ಸಿ. ಅಶ್ವತ್ಥ್ ಅವರ ಭಾವಗೀತೆಯ ತಾರಸ್ಥಾಯಿಗೆ ಹೋದಾಗ ಮೈಕನ್ನು ಇನ್ನೂ ಒಂಚೂರು ಕೆಳಗೆ, ಗದ್ದದ ಕಡೆಗೆ ಇಳಿಸಿ. ಆದರೆ ಕೆಲವರು ಇಡೀ ಹಾಡನ್ನು ಒಂದು ಅಡಿ ದೂರ ಹಿಡಿದು ಹಾಡುತ್ತಾರೆ, ಹಿನ್ನೆಲೆ ಗಾಯಕರ ರೆಕಾರ್ಡಿಂಗ್ ವಿಡಿಯೊ ನೋಡಿದ ಪರಿಣಾಮ. ಅದು ಸ್ಟುಡಿಯೊ, ಅಲ್ಲಿ ಸ್ಪೀಕರ್ ಇಲ್ಲ. ಇಲ್ಲಿ ಅಷ್ಟು ದೂರ ಹಿಡಿದರೆ ನಾವು ಗೇನ್, ಅಂದರೆ ಮೈಕಿನ ಸಿಗ್ನಲ್ ಮಟ್ಟ, ಏರಿಸಬೇಕು, ಏರಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕುಯ್ಯ್ ಅನ್ನುವ ಫೀಡ್‌ಬ್ಯಾಕ್.

ನಮ್ಮ ಭಾಷೆಯದೇ ಒಂದು ತೊಂದರೆ ಇದೆ. ಪ, ಬ ಹೇಗೋ ಆಗುತ್ತದೆ, ಭ ಮತ್ತು ಫ ಅಂದಾಗ ಗಾಳಿ ನೇರ ಮೈಕಿಗೆ ಬಡಿದು ಧಬ್ ಅನ್ನುತ್ತದೆ. ಭಾವ, ಭುವನ, ಫಲ, ಇಂಥ ಪದಗಳಿಂದ ತುಂಬಿದ ಹಾಡು ರಾಜ್ಯೋತ್ಸವದ ದಿನ ಎಷ್ಟಿರುತ್ತವೆ ನಿಮಗೇ ಗೊತ್ತು. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಟಿಯ ಕೊನೆಯಿಂದ ಸ್ವಲ್ಪ ಓರೆಯಾಗಿ ಹಿಡಿದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ದನಿ ಒಳಗೆ ಬರುತ್ತದೆ. ಇನ್ನು ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ರ್‍ಯಾಪ್ ಶೈಲಿ ಬೇಡವೇ ಬೇಡ. ಹಿಂದಿನ ಸದ್ದು ಕಳೆಯಲು ಕ್ಯಾಪ್ಸೂಲಿನ ಹಿಂಭಾಗಕ್ಕೂ ಗಾಳಿ ಹೋಗಬೇಕು. ಅದನ್ನು ಮುಚ್ಚಿದರೆ ಎಂಥ ಮೈಕೂ ದಿಕ್ಕು ಮರೆತು ಕೂಗುತ್ತದೆ.

ಒಂದು ಗಂಭೀರ ಮಾತು. ಮೈಕಿನ ಲೋಹದ ಮೈ ಕೇಬಲ್ ಮೂಲಕ ಆಂಪ್ಲಿಫೈಯರ್ ಬಾಡಿಗೆ ಸೇರಿರುತ್ತದೆ. ಜನರೇಟರ್, ತಾತ್ಕಾಲಿಕ ವೈರಿಂಗ್, ಅರ್ಥಿಂಗ್ ಇಲ್ಲದ ಬೋರ್ಡು, ಒದ್ದೆ ನೆಲ, ಇಷ್ಟು ಸೇರಿದರೆ ಶಾಕ್ ತುಟಿಗೆ ಹೊಡೆಯುತ್ತದೆ. ಚುರುಕ್ ಅಂದಿದ್ದನ್ನು ನಕ್ಕು ಬಿಡಬೇಡಿ, ಇದರಿಂದ ಜೀವ ಹೋಗಬಹುದು. ಬ್ಯಾಗಿನಲ್ಲಿ ಒಂದು ಟೆಸ್ಟರ್ ಇಟ್ಟುಕೊಳ್ಳಿ. ಕೇಬಲ್ ಸಿಕ್ಕಿಸಿದ ಮೇಲೆ, ಕೈಯಲ್ಲಿ ಹಿಡಿಯುವ ಮೊದಲು, ಸ್ಟ್ಯಾಂಡಿನಲ್ಲಿರುವಾಗಲೇ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡಿ. ಉರಿದರೆ, ಸರಿಪಡಿಸುವ ತನಕ ಹಾಡಬೇಡಿ, ಎದುರಿಗೆ ಯಾವ ಶಾಸಕರು ಕೂತಿದ್ದರೂ.

ಜೋಪಾನ ಮಾಡುವುದು ಸುಲಭ. ತಿಂಗಳಿಗೊಮ್ಮೆ ಜಾಲರಿ ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜ್ ಸಮೇತ ಉಗುರುಬೆಚ್ಚನೆ ಸೋಪಿನ ನೀರಿನಲ್ಲಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ರಾತ್ರಿಯೆಲ್ಲಾ ಒಣಗಿಸಿ ಆಮೇಲೆ ಹಾಕಿ. ನೀವು ಹೇಳಿದ ವಾಸನೆ ಇರುವುದು ಆ ಸ್ಪಂಜಿನಲ್ಲೇ. ಜಾಲರಿ ಬಿಚ್ಚಿದ ಮೈಕನ್ನು ಕಬ್ಬಿಣದ ಪುಡಿ ಇರುವ ಕಡೆ ಇಡಬೇಡಿ, ಅಯಸ್ಕಾಂತ ಎಳೆದುಕೊಂಡರೆ ಮತ್ತೆ ಬಿಡಿಸುವುದು ಕಷ್ಟ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಎರಡು ಸಿಲಿಕಾ ಪೊಟ್ಟಣ ಇರಲಿ. ಮೈಕ್ ಟೆಸ್ಟಿಂಗ್ ಅಂತ ಉಫ್ ಉಫ್ ಊದುವುದು, ಬೆರಳಿನಿಂದ ಕುಟ್ಟುವುದು ಬಿಡಿ, ಮಾತಾಡಿದರೆ ಸಾಕು.

ಕೊನೆಗೆ, ನೀವು ಕೇಳದೇ ಇದ್ದರೂ ಮೊದಲ ಕಾರ್ಯಕ್ರಮದಲ್ಲೇ ಎದುರಾಗುವ ಪ್ರಶ್ನೆ. ನಿಮ್ಮ ಮೈಕ್ ಚೆನ್ನಾಗಿ ಕೇಳುತ್ತಿದೆ ಅಂತ ಗೊತ್ತಾದ ಕೂಡಲೇ ನಿರೂಪಕರು, ಸಂಘದ ಅಧ್ಯಕ್ಷರು, ಅಧ್ಯಕ್ಷರ ಮೊಮ್ಮಗಳು, ಎಲ್ಲರೂ ಅದಕ್ಕೇ ಕೈ ಚಾಚುತ್ತಾರೆ. ಹಾಡು ಮುಗಿದ ಕೂಡಲೇ ಕೇಬಲ್ಲಿನಿಂದ ಬಿಡಿಸಿ ಜೇಬಿನ ಚೀಲಕ್ಕೆ ಹಾಕಿಕೊಂಡು ಕೆಳಗಿಳಿಯಿರಿ. ಬಿಡಿಸುವ ಮೊದಲು ಮಾತ್ರ ಮಿಕ್ಸರಿನವರಿಗೆ ಮ್ಯೂಟ್ ಮಾಡಲು ಕೈಸನ್ನೆ ಮಾಡಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಪಟಾಕಿ ಹೊಡೆದ ಹಾಗೆ ಸದ್ದಾಗುತ್ತದೆ. ಭಾಷಣಕ್ಕೆ ಅವರ ಮೈಕ್ ಇದ್ದೇ ಇರುತ್ತದೆ.